ತಲೆಸುತ್ತಿಗೂ ಪಾಠಯೋಜನೆಯಲ್ಲಿ ಒಂದು ಕಾಲಂ ಬೇಕು

ಈ ಸಲದ ಅಭ್ಯಾಸ ಬೋಧನೆಯ ಪಾಠಯೋಜನೆಗಳನ್ನು ತಿದ್ದುವಾಗ ‘ಬೋಧನೋಪಕರಣಗಳು’ ಎಂಬ ಕಾಲಂನಲ್ಲಿ ಚಾರ್ಟು, ಮಾದರಿ, ಮಿಂಚುಪಟ್ಟಿಗಳ ಸಾಲಿನಲ್ಲಿ ಹೊಸದೊಂದು ಹೆಸರು ಮತ್ತೆ ಮತ್ತೆ ಕಾಣಿಸಿತು: ವಿಆರ್ ಹೆಡ್‌ಸೆಟ್. ಕೆಲವರು ಮೊಬೈಲ್ ಒಳಗಿಡುವ ರಟ್ಟಿನ ಅಥವಾ ಪ್ಲಾಸ್ಟಿಕ್ಕಿನ ಪೆಟ್ಟಿಗೆ ಕೊಂಡಿದ್ದಾರೆ. ಒಬ್ಬಿಬ್ಬರು ಪರಿಚಯದವರಿಂದ ಒಳ್ಳೆಯ ಹೆಡ್‌ಸೆಟ್ಟನ್ನೇ ಕಡ ತಂದಿದ್ದಾರೆ. ಸಂತೋಷ. ಹಂಪಿ ನೋಡದ ಮಗುವಿಗೆ ವಿಠ್ಠಲ ದೇವಾಲಯದ ಅಂಗಳದಲ್ಲಿ ನಿಂತ ಅನುಭವ ಮೂರು ನಿಮಿಷ ಸಿಕ್ಕರೆ ಅದನ್ನು ಬೇಡ ಎನ್ನುವವನು ನಾನಲ್ಲ. ನನ್ನ ತಕರಾರು ಇರುವುದು ಅದೇ ಪಾಠಯೋಜನೆಯಲ್ಲಿ ಬರೆಯದೆ ಬಿಟ್ಟ ಒಂದು ವಿಷಯದ ಬಗ್ಗೆ. ಈ ಪೆಟ್ಟಿಗೆಯನ್ನು ಕಣ್ಣಿಗೆ ಕಟ್ಟಿಕೊಂಡ ಮಕ್ಕಳಲ್ಲಿ ಕೆಲವರಿಗೆ ಹೊಟ್ಟೆ ತೊಳಸುತ್ತದೆ, ತಲೆ ಸುತ್ತುತ್ತದೆ, ತಣ್ಣನೆ ಬೆವರು ಬರುತ್ತದೆ. ಇದು ಅಪರೂಪವೂ ಅಲ್ಲ, ಆಕಸ್ಮಿಕವೂ ಅಲ್ಲ. ಹಾಗಿದ್ದೂ ನಾನು ಈ ವರ್ಷ ನೋಡಿದ ಯಾವ ಪಾಠಯೋಜನೆಯಲ್ಲೂ ಅದರ ಬಗ್ಗೆ ಒಂದು ಸಾಲು ಇರಲಿಲ್ಲ.

ಏಳನೆಯ ತರಗತಿಯಲ್ಲಿ ರಕ್ತಪರಿಚಲನೆಯ ಪಾಠ ನೋಡುತ್ತಿದ್ದೆ. ಪ್ರಶಿಕ್ಷಣಾರ್ಥಿ ಚುರುಕಾದವರು, ಪೀಠಿಕೆ ಚೆನ್ನಾಗಿತ್ತು, ಕಪ್ಪುಹಲಗೆಯ ಮೇಲೆ ಹೃದಯದ ಚಿತ್ರ ಅಚ್ಚುಕಟ್ಟಾಗಿ ಬಂದಿತ್ತು. ಆಮೇಲೆ ಎರಡು ಹೆಡ್‌ಸೆಟ್ ತೆಗೆದು ಮಕ್ಕಳನ್ನು ಇಬ್ಬಿಬ್ಬರಂತೆ ಕರೆದರು. ಕಾರ್ಯಕ್ರಮದಲ್ಲಿ ನೋಡುವವರು ಕೆಂಪು ರಕ್ತಕಣವಾಗಿ ಅಪಧಮನಿಯೊಳಗೆ ತೇಲುತ್ತ, ತಿರುಗುತ್ತ, ಕವಾಟ ತೆರೆದಾಗ ಧುಮುಕುತ್ತ ಸಾಗಬೇಕು. ನಾಲ್ಕನೆಯ ಜೋಡಿಯ ಹುಡುಗಿ ಒಂದು ನಿಮಿಷದಲ್ಲೇ ಮೇಜಿನ ಅಂಚು ಹಿಡಿದುಕೊಂಡು, “ಸರ್, ಹೊಟ್ಟೆ ತೊಳಸ್ತಿದೆ” ಎಂದಳು. “ಸ್ವಲ್ಪ ತಡ್ಕೋಮ್ಮ, ಹೃದಯ ಬಂದೇ ಬಿಡ್ತು” ಎಂದರು ಇವರು. ತರಗತಿ ನಕ್ಕಿತು. ಅವಳು ತಡೆದುಕೊಂಡಳು. ಪೆಟ್ಟಿಗೆ ತೆಗೆದಾಗ ಮುಖ ಬಿಳಚಿಕೊಂಡಿತ್ತು. ಉಳಿದ ಅವಧಿಯಷ್ಟೂ ಹೊತ್ತು ಬೆಂಚಿನ ಮೇಲೆ ತಲೆಯಿಟ್ಟು ಮಲಗಿದ್ದಳು. ಕೊನೆಯ ಮೌಲ್ಯಮಾಪನದ ಪ್ರಶ್ನೆ ಅವಳ ಕಡೆ ಬಂದಾಗ ಉತ್ತರ ಬರಲಿಲ್ಲ. ಪ್ರಶಿಕ್ಷಣಾರ್ಥಿ ತಮ್ಮ ದಿನಚರಿಯಲ್ಲಿ ಬರೆದುಕೊಂಡದ್ದು: “ಒಬ್ಬ ವಿದ್ಯಾರ್ಥಿನಿ ಭಯಪಟ್ಟಳು, ಗಮನ ಕೊಡಲಿಲ್ಲ.”

ಈ ‘ಭಯಪಟ್ಟಳು’ ಎಂಬ ಮಾತನ್ನೇ ನಾನು ಒಪ್ಪುವುದಿಲ್ಲ. ಅವಳಿಗೆ ಆದದ್ದು ದೇಹದ ವಿಷಯ, ಧೈರ್ಯದ ವಿಷಯವಲ್ಲ.

ನಮ್ಮಲ್ಲಿ ಇದನ್ನು ವಿವರಿಸಲು ಪ್ರಯೋಗಾಲಯ ಬೇಕಿಲ್ಲ. ಆಗುಂಬೆಯೋ ಚಾರ್ಮಾಡಿಯೋ ಹತ್ತಿಳಿದ ಬಸ್ಸಿನಲ್ಲಿ ಒಮ್ಮೆ ಕೂತಿದ್ದರೆ ಸಾಕು. ತಿರುವಿಗೊಂದರಂತೆ ಕಿಟಕಿಯಿಂದ ತಲೆಗಳು ಹೊರಗೆ ಬರುತ್ತವೆ. ಕೈಯಲ್ಲಿ ನಿಂಬೆಹಣ್ಣು, ಮಡಿಲಲ್ಲಿ ಪ್ಲಾಸ್ಟಿಕ್ ಕವರ್. ಆದರೆ ಅದೇ ಬಸ್ಸಿನ ಚಾಲಕರಿಗೆ ಏನೂ ಆಗುವುದಿಲ್ಲ. ಬಸ್ಸು ಎತ್ತ ತಿರುಗುತ್ತದೆ ಎಂಬುದು ಅವರಿಗೆ ಮುಂಚೆಯೇ ಗೊತ್ತು, ತಿರುಗಿಸುವವರೇ ಅವರು. ಹಿಂದಿನ ಸೀಟಿನಲ್ಲಿ ಕೂತು ಪುಸ್ತಕ ಓದುವ ಹುಡುಗನ ಕಣ್ಣಿಗೆ ಪುಟ ನಿಂತಲ್ಲೇ ನಿಂತಿದೆ, ಒಳಕಿವಿಗೆ ಮಾತ್ರ ಪ್ರತಿ ತಿರುವೂ ತಿಳಿಯುತ್ತಿದೆ. ಒಳಕಿವಿಯಲ್ಲಿ ದ್ರವ ತುಂಬಿದ ಅರ್ಧವೃತ್ತಾಕಾರದ ಮೂರು ನಾಳಗಳಿವೆ, ತಲೆ ಯಾವ ಕಡೆಗೆ ತಿರುಗಿದರೂ ಅವು ಮಿದುಳಿಗೆ ಸುದ್ದಿ ಮುಟ್ಟಿಸುತ್ತವೆ. ಕಣ್ಣು ಒಂದು ಹೇಳಿ ಕಿವಿ ಇನ್ನೊಂದು ಹೇಳಿದಾಗ ಈ ತೊಳಸು ಹುಟ್ಟುತ್ತದೆ ಎಂಬುದು ಹೆಚ್ಚು ಜನ ಒಪ್ಪುವ ವಿವರಣೆ. 1975ರಲ್ಲಿ ರೀಸನ್ ಮತ್ತು ಬ್ರ್ಯಾಂಡ್ ಎಂಬಿಬ್ಬರು ಇದನ್ನು ಪುಸ್ತಕರೂಪದಲ್ಲಿ ವಿಸ್ತಾರವಾಗಿ ಮಂಡಿಸಿದರು. ದೇಹದ ಸಮತೋಲ ತಪ್ಪುವುದೇ ಮೂಲ ಕಾರಣ ಎನ್ನುವ ಇನ್ನೊಂದು ಪಕ್ಷ 1991ರಿಂದ ಇದೆ, ಅವರ ವಾದ ಮುಗಿದಿಲ್ಲ. ಒಳಕಿವಿಯ ಪಾತ್ರದಲ್ಲಂತೂ ಸಂಶಯವಿಲ್ಲ. ಒಳಕಿವಿಯ ಈ ಅಂಗ ಹುಟ್ಟಿನಿಂದಲೇ ಕೆಲಸ ಮಾಡದವರಿಗೆ ಎಂಥ ಕಡಲಿನಲ್ಲೂ ಈ ಬಾಧೆ ಇಲ್ಲ.

ಹೆಡ್‌ಸೆಟ್ಟಿನಲ್ಲಿ ಬಸ್ಸಿನ ಲೆಕ್ಕ ತಲೆಕೆಳಗಾಗುತ್ತದೆ. ಬಸ್ಸಿನಲ್ಲಿ ಕಿವಿಗೆ ಚಲನೆ, ಕಣ್ಣಿಗೆ ನಿಲುಗಡೆ. ಇಲ್ಲಿ ಕಣ್ಣು ಅಪಧಮನಿಯೊಳಗೆ ಧುಮುಕುತ್ತಿದೆ, ಕಿವಿಯ ಪ್ರಕಾರ ಮಗು ಕುರ್ಚಿಯ ಮೇಲೆ ಸುಮ್ಮನೆ ಕೂತಿದೆ. ಹೊಟ್ಟೆಗೆ ಯಾಕೆ ಏಟು ಎಂಬ ಪ್ರಶ್ನೆಗೆ 1977ರಲ್ಲಿ ಟ್ರೀಸ್ಮನ್ ಎಂಬವರು ಕೊಟ್ಟ ಉತ್ತರ ಸ್ವಾರಸ್ಯವಾಗಿದೆ. ಕಣ್ಣು, ಕಿವಿಗಳ ಸುದ್ದಿ ಹೊಂದದೆ ಹೋಗುವುದು ವಿಷ ಉಂಡಾಗಲೂ ಆಗುವಂಥದ್ದು, ಆದ್ದರಿಂದ ಮಿದುಳು ಹೊಟ್ಟೆಯಲ್ಲಿರುವುದನ್ನು ಹೊರಹಾಕಲು ನೋಡುತ್ತದೆ ಎನ್ನುವುದು ಅವರ ಊಹೆ. ಊಹೆಯೇ ಹೌದು, ಆದರೆ ತರಗತಿಯಲ್ಲಿ ಮಕ್ಕಳಿಗೆ ಹೇಳಿದರೆ ಥಟ್ಟನೆ ಹಿಡಿಯುತ್ತಾರೆ.

ಈ ಬಾಧೆ ಹೆಡ್‌ಸೆಟ್ಟಿನ ಜೊತೆ ಹುಟ್ಟಿದ್ದೇನೂ ಅಲ್ಲ. 1894ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ಒಂದು ಮೇಳದಲ್ಲಿ ‘ದೆವ್ವದ ಉಯ್ಯಾಲೆ’ ಎಂಬ ಆಟ ಇತ್ತು. ಒಂದು ಕೋಣೆ, ಅದರಲ್ಲಿ ಮೇಜು ಕುರ್ಚಿ, ಗೋಡೆಗೆ ಚಿತ್ರಗಳು. ನಡುವೆ ಅಡ್ಡ ಕಂಬಿಯಿಂದ ನೇತುಬಿಟ್ಟ ದೊಡ್ಡ ಉಯ್ಯಾಲೆ. ಜನ ಹತ್ತಿ ಕೂರುತ್ತಾರೆ, ಉಯ್ಯಾಲೆ ತೂಗತೊಡಗುತ್ತದೆ, ಮೇಲೆ ಮೇಲೆ ಹೋಗುತ್ತದೆ, ಕೊನೆಗೆ ಪೂರ್ತಿ ಒಂದು ಸುತ್ತು ತಿರುಗಿ ತಲೆಕೆಳಗಾಗಿಬಿಡುತ್ತದೆ. ನಿಜದಲ್ಲಿ ಉಯ್ಯಾಲೆ ಹೆಚ್ಚುಕಡಿಮೆ ನಿಂತೇ ಇರುತ್ತದೆ, ತಿರುಗುವುದು ಕೋಣೆ! ಮೇಜು ಕುರ್ಚಿಗಳನ್ನು ನೆಲಕ್ಕೆ ಬಿಗಿದಿರುತ್ತಾರೆ. ಭೌತವಿಜ್ಞಾನಿ ರಾಬರ್ಟ್ ವುಡ್ ಅದರಲ್ಲಿ ಕೂತು ಬಂದು 1895ರಲ್ಲಿ ಮನೋವಿಜ್ಞಾನದ ಪತ್ರಿಕೆಯೊಂದರಲ್ಲಿ ಅದರ ಬಗ್ಗೆ ಬರೆದರು. ಹೊರಗೆ ನಡೆದು ಬರಲೂ ಕಷ್ಟವಾಗುವಷ್ಟು ತಲೆಸುತ್ತು, ವಾಕರಿಕೆ ಬಂದವರನ್ನು ಅವರು ಕಂಡಿದ್ದರು. ನಮಗೆ ಮುಖ್ಯವಾದದ್ದು ಅವರು ಬರೆದ ಇನ್ನೊಂದು ಮಾತು. ಆಟದ ಗುಟ್ಟು ಅವರಿಗೆ ಪೂರ್ತಿ ಗೊತ್ತಿತ್ತು, ಆದರೂ ಹೊಟ್ಟೆಯೊಳಗಿನ ಆ ಕಸಿವಿಸಿಯನ್ನು ತಡೆಯಲು ಆಗಲಿಲ್ಲ.

ಗುಟ್ಟು ತಿಳಿದ ಭೌತವಿಜ್ಞಾನಿಗೇ ತಡೆಯಲಾಗದ್ದನ್ನು “ಅದು ನಿಜ ಅಲ್ಲ ಕಣಮ್ಮ, ಬರೀ ಚಿತ್ರ” ಎಂದು ಹೇಳಿ ಹನ್ನೆರಡು ವರ್ಷದ ಹುಡುಗಿಯಿಂದ ತಡೆಸಬಹುದು ಎಂದು ನಾವು ಯಾಕೆ ಅಂದುಕೊಳ್ಳಬೇಕು? ವಯಸ್ಸಿನ ಲೆಕ್ಕವೂ ಅವಳ ಪರವಾಗಿಲ್ಲ. ಚಲನೆಯಿಂದಾಗುವ ವಾಕರಿಕೆ ಎರಡು ವರ್ಷದೊಳಗಿನ ಕೂಸುಗಳಲ್ಲಿ ಅಪರೂಪ. ಆರೇಳರಿಂದ ಹನ್ನೆರಡರ ಆಸುಪಾಸಿನಲ್ಲಿ ಅತಿ ಹೆಚ್ಚು, ಆಮೇಲೆ ನಿಧಾನವಾಗಿ ಇಳಿಯುತ್ತದೆ. ಅಂದರೆ ನಾವು ಅಭ್ಯಾಸ ಬೋಧನೆಗೆ ಹೋಗುವ ಹಿರಿಯ ಪ್ರಾಥಮಿಕ ತರಗತಿಗಳು ಸರಿಯಾಗಿ ಆ ಗಡಿಯೊಳಗೇ ಬರುತ್ತವೆ. ಸಾಧನದ ತಯಾರಕರೂ ವಯಸ್ಸಿನ ಮಿತಿ ಹಾಕಿದ್ದಾರೆ. ಸೋನಿಯವರ ಪ್ಲೇಸ್ಟೇಷನ್ ವಿಆರ್ 12 ವರ್ಷದ ಕೆಳಗಿನವರಿಗಲ್ಲ. ಮೆಟಾದ ಕ್ವೆಸ್ಟ್‌ಗೆ 13 ಇದ್ದದ್ದನ್ನು 2023ರಲ್ಲಿ ಪಾಲಕರ ಒಪ್ಪಿಗೆಯ ಮೇಲೆ 10ಕ್ಕೆ ಇಳಿಸಿದರು. ಪೆಟ್ಟಿಗೆಯ ಮೇಲಿನ ಈ ಸಾಲನ್ನು ಓದದೆಯೇ ಐದನೆಯ ತರಗತಿಗೆ ಒಯ್ಯುವವರಿದ್ದಾರೆ.

ಹುಡುಗಿಯರ ವಿಷಯ ಬೇರೆಯಾಗಿಯೇ ಹೇಳಬೇಕು. 2017ರಲ್ಲಿ ಪ್ರಕಟವಾದ, ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ 18 ಯುವಕರು, 18 ಯುವತಿಯರಿಗೆ ಓಕ್ಯುಲಸ್ ರಿಫ್ಟ್ ಹಾಕಿಸಿ 15 ನಿಮಿಷದವರೆಗೆ ಆಟ ಆಡಿಸಿದರು. ಕಟ್ಟಡದೊಳಗೆ ಓಡಾಡುವ ಆಟದಲ್ಲಿ ಯುವಕರಲ್ಲಿ 6 ಮಂದಿಗೆ, ಯುವತಿಯರಲ್ಲಿ 14 ಮಂದಿಗೆ ಬಾಧೆ ಕಾಣಿಸಿತು. ಇದಕ್ಕೆ ಕಾರಣ ಹೆಣ್ಣಿನ ‘ಸೂಕ್ಷ್ಮ ಸ್ವಭಾವ’ ಎನ್ನುವವರಿಗೆ 2020ರಲ್ಲಿ ಸ್ಟ್ಯಾನಿ ಮತ್ತು ಸಂಗಡಿಗರ ಕೆಲಸ ಬೇರೆ ಉತ್ತರ ಕೊಟ್ಟಿತು. ಎರಡು ಕಣ್ಣುಗುಡ್ಡೆಗಳ ನಡುವಿನ ಅಂತರಕ್ಕೆ ಹೆಡ್‌ಸೆಟ್ಟಿನ ಮಸೂರಗಳ ಅಂತರ ಹೊಂದದೆ ಇರುವುದೇ ಇಲ್ಲಿ ದೊಡ್ಡ ಕಾರಣ ಎಂದು ಅವರು ಕಂಡರು. ವಯಸ್ಕರಲ್ಲಿ ಈ ಅಂತರ ಸರಾಸರಿ 63 ಮಿಲಿಮೀಟರಿನ ಆಸುಪಾಸು, ಹೆಂಗಸರಲ್ಲಿ ಸ್ವಲ್ಪ ಕಡಿಮೆ, ಮಕ್ಕಳಲ್ಲಿ ಇನ್ನೂ ಕಡಿಮೆ. ಕ್ವೆಸ್ಟ್ 2ರಲ್ಲಿ ಮಸೂರಗಳನ್ನು 58, 63, 68 ಎಂಬ ಮೂರು ಜಾಗಗಳಲ್ಲಿ ಮಾತ್ರ ನಿಲ್ಲಿಸಬಹುದು. ಕಡಿಮೆ ಬೆಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಅದೂ ಇಲ್ಲ. ದೊಡ್ಡವರ ಅಳತೆಯ ಚಪ್ಪಲಿ ಮಗುವಿಗೆ ಹಾಕಿ ಓಡು ಎಂದಂತೆ. ಎಡವಿದರೆ ಮಗುವಿನ ನಡಿಗೆಯ ತಪ್ಪಲ್ಲ.

ಒಂದು ತರಗತಿಯಲ್ಲಿ ‘ಹೆದರುವವರು’ ಹೆಚ್ಚಾಗಿ ಹುಡುಗಿಯರೇ ಎಂದು ಪ್ರಶಿಕ್ಷಣಾರ್ಥಿ ಬರೆದುಕೊಂಡು ಬಂದರೆ, ಅವರು ತಮ್ಮ ಉಪಕರಣದ ದೋಷವನ್ನು ಮಕ್ಕಳ ಹೆಸರಿಗೆ ಬರೆದಿದ್ದಾರೆ ಎಂದೇ ನಾನು ಓದುತ್ತೇನೆ. ವಿಜ್ಞಾನ, ಯಂತ್ರ, ಹೊಸ ಸಾಧನ ಎಂದರೆ ಹುಡುಗಿಯರಿಗೆ ಆಗಿಬರುವುದಿಲ್ಲ ಎಂಬ ಮಾತನ್ನು ಮನೆಯಲ್ಲೂ ಕೇಳಿ ಬೆಳೆದ ಮಗು, ಶಾಲೆಯಲ್ಲೂ ಅದೇ ಪಾಠ ಕಲಿತು ಹೋಗುತ್ತದೆ.

ಮೊಬೈಲ್ ಇಡುವ ಪೆಟ್ಟಿಗೆಗಳ ಇನ್ನೊಂದು ಸ್ವಭಾವ ತಿಳಿದಿರಬೇಕು. ತಲೆ ಎಡಕ್ಕೆ ಬಲಕ್ಕೆ ಮೇಲಕ್ಕೆ ಕೆಳಕ್ಕೆ ತಿರುಗಿದ್ದು ಅವಕ್ಕೆ ಗೊತ್ತಾಗುತ್ತದೆ, ತಲೆ ಮುಂದೆ ಬಂದದ್ದು ಹಿಂದೆ ಹೋದದ್ದು ಗೊತ್ತಾಗುವುದಿಲ್ಲ. ಮಕ್ಕಳು ಏನು ಮಾಡುತ್ತಾರೆ? ಚೆನ್ನಾಗಿರುವುದೇನಾದರೂ ಕಂಡರೆ ಬಗ್ಗಿ ನೋಡುತ್ತಾರೆ. ಬಗ್ಗಿದರೆ ವಸ್ತು ಹತ್ತಿರ ಬರಬೇಕು, ಬರುವುದಿಲ್ಲ, ಇಡೀ ಲೋಕವೇ ಅವರ ಜೊತೆ ಮುಂದೆ ಸರಿಯುತ್ತದೆ. ಅಲ್ಲೇ ಶುರು ತೊಳಸು. “ಬೆನ್ನು ಕುರ್ಚಿಗೆ ತಾಗಿಸಿ ಕೂತುಕೋ, ಕತ್ತು ಮಾತ್ರ ತಿರುಗಿಸು” ಎಂಬ ಒಂದು ಸೂಚನೆ ಕೊಟ್ಟರೆ ಅರ್ಧ ತೊಂದರೆ ತಪ್ಪುತ್ತದೆ. ನಾನು ನೋಡಿದ ಪಾಠಗಳಲ್ಲಿ ಮಕ್ಕಳನ್ನು ನಿಲ್ಲಿಸಿಯೇ ತೋರಿಸುತ್ತಿದ್ದರು. ಚಿತ್ರದ ವೇಗವೂ ಒಂದು ಕಾರಣ. ತಲೆ ತಿರುಗಿದ 20 ಮಿಲಿಸೆಕೆಂಡಿನ ಒಳಗೆ ಚಿತ್ರವೂ ತಿರುಗಿರಬೇಕು ಎಂಬುದು ಈ ಉದ್ಯಮದವರೇ ಇಟ್ಟುಕೊಂಡ ಗುರಿ. 2016ರಲ್ಲಿ ಮಾರುಕಟ್ಟೆಗೆ ಬಂದ ರಿಫ್ಟ್ ಸೆಕೆಂಡಿಗೆ 90 ಚಿತ್ರ ತೋರಿಸುತ್ತಿತ್ತು. ನಮ್ಮ ಪ್ರಶಿಕ್ಷಣಾರ್ಥಿಗಳ ಜೇಬಿನಲ್ಲಿರುವ ಹಳೆಯ ಫೋನು, ಏಪ್ರಿಲ್ ಬಿಸಿಲಿನ ಶೀಟಿನ ಕೋಣೆಯಲ್ಲಿ, ಐದನೆಯ ಜೋಡಿ ಬರುವ ಹೊತ್ತಿಗೆ ಕಾದು ತಡವರಿಸುತ್ತಿರುತ್ತದೆ. ಮೊದಲ ಜೋಡಿಗೆ ಏನೂ ಆಗಲಿಲ್ಲ ಎಂಬುದು ಐದನೆಯ ಜೋಡಿಗೆ ಗ್ಯಾರಂಟಿ ಅಲ್ಲ.

ಇಷ್ಟು ಹೇಳಿದ ಮೇಲೆ ಸಹೋದ್ಯೋಗಿಗಳು ಎತ್ತಿದ ಆಕ್ಷೇಪಣೆಗಳಿಗೆ ಬರುತ್ತೇನೆ. “ಎರಡು ಮೂರು ಸಲ ಹಾಕಿಕೊಂಡರೆ ರೂಢಿಯಾಗುತ್ತದೆ” ಎನ್ನುವುದು ಒಂದು. ನಿಜ, ರೂಢಿಯಾಗುತ್ತದೆ. ದಿನಗಳ ಅಂತರ ಬಿಟ್ಟು, ಚಿಕ್ಕ ಚಿಕ್ಕ ಅವಧಿಯಲ್ಲಿ ಮತ್ತೆ ಮತ್ತೆ ಹಾಕಿಕೊಂಡವರಲ್ಲಿ ಬಾಧೆ ಕಡಿಮೆಯಾಗುತ್ತದೆ. ಆದರೆ ಅಭ್ಯಾಸ ಬೋಧನೆಯಲ್ಲಿ ಒಂದು ಮಗುವಿಗೆ ಹೆಡ್‌ಸೆಟ್ ಸಿಗುವುದು ಒಂದು ಸಲ, ಎರಡು ನಿಮಿಷ. ರೂಢಿ ಮಾಡಿಸಲು ನಾವು ಅಲ್ಲಿ ಇರುವುದೇ ಇಲ್ಲ. ತೊಳಸು ಶುರುವಾದ ಮೇಲೂ ಮುಂದುವರಿಸಿದರೆ ರೂಢಿಯಾಗುವ ಬದಲು ಬಾಧೆ ಹೆಚ್ಚುತ್ತದೆ, ಆ ಮಗು ಇನ್ನೊಮ್ಮೆ ಹೆಡ್‌ಸೆಟ್ ಹತ್ತಿರ ಬರುವುದಿಲ್ಲ.

ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. “ಮೊದಲೇ ವಾಂತಿ, ತಲೆಸುತ್ತು ಎಂದು ಹೆದರಿಸಿದರೆ ಇಲ್ಲದವರಿಗೂ ಬರುತ್ತದೆ.” ಇದರಲ್ಲಿ ಸತ್ಯಾಂಶವಿದೆ. ಲಕ್ಷಣಗಳ ಪಟ್ಟಿಯನ್ನು ಮೊದಲೇ ತುಂಬಿಸಿಕೊಂಡರೆ ಆಮೇಲೆ ಹೇಳುವ ಬಾಧೆ ಹೆಚ್ಚಾಗುತ್ತದೆ ಎಂದು ಪ್ರಯೋಗದಲ್ಲೇ ಕಂಡಿದ್ದಾರೆ. ಆದ್ದರಿಂದ ಪಟ್ಟಿ ಓದಿ ಹೇಳಬೇಕಿಲ್ಲ. “ಯಾವಾಗ ಬೇಕಾದರೂ ಕಣ್ಣು ಮುಚ್ಚಿಕೊಳ್ಳಬಹುದು, ಪೆಟ್ಟಿಗೆ ತೆಗೆಯಬಹುದು, ನನ್ನನ್ನು ಕೇಳಬೇಕಾಗಿಲ್ಲ” ಎಂದಷ್ಟೇ ಹೇಳಿದರೆ ಯಾರೂ ಹೆದರುವುದಿಲ್ಲ. ಈ ಕೊನೆಯ ಮಾತು ಬಹಳ ಮುಖ್ಯ. ನಮ್ಮ ಮಕ್ಕಳು ನೀರು ಕುಡಿಯಲೂ ಕೈಯೆತ್ತಿ ಕೇಳುವಂತೆ ಬೆಳೆದವರು, ಅಪ್ಪಣೆಯಿಲ್ಲದೆ ಶಿಕ್ಷಕರ ಸಾಮಾನನ್ನು ಮುಖದಿಂದ ತೆಗೆಯುವುದಿಲ್ಲ. ಅದರಲ್ಲೂ ಹಿಂದಿನ ಬೆಂಚಿನಲ್ಲಿ ಕಾಲೇಜಿನಿಂದ ಬಂದ ಮೇಷ್ಟ್ರು ಪೆನ್ನು ಹಿಡಿದು ಕೂತಿರುವಾಗ.

ಆ ಪೆನ್ನಿನ ಬಗ್ಗೆಯೇ ನನ್ನ ಮುಖ್ಯ ಮಾತು. ನಮ್ಮ ವೀಕ್ಷಣಾ ನಮೂನೆಯಲ್ಲಿ ‘ನವೀನ ಬೋಧನೋಪಕರಣಗಳ ಬಳಕೆ’ಗೆ ಅಂಕವಿದೆ. ಹೆಡ್‌ಸೆಟ್ ತಂದವರಿಗೆ ಅದು ತಂದ ಮಾತ್ರಕ್ಕೆ ಪೂರ್ತಿ ಸಿಗುತ್ತದೆ. ನಡುವೆ ಮಗುವೊಂದು ಬೇಡ ಎಂದಾಗ ಪ್ರಶಿಕ್ಷಣಾರ್ಥಿ ನಿಲ್ಲಿಸಿದರೆ ‘ಸಮಯ ನಿರ್ವಹಣೆ’ಯಲ್ಲಿ ಕಡಿಮೆಯಾಗುತ್ತದೆ. ಹಾಗಾದರೆ “ತಡ್ಕೋಮ್ಮ” ಎಂದದ್ದು ಆ ಯುವಕನ ಕ್ರೌರ್ಯವಲ್ಲ, ನಾವು ಕೊಟ್ಟ ನಮೂನೆ ಹಾಗೆ ಹೇಳಿಸಿತು. ಬಾಧೆಯನ್ನು ಗಮನಿಸಿ ನಿಲ್ಲಿಸಿದವರಿಗೆ ಅಂಕ ಕೊಡುವಂತೆ ನಮೂನೆ ಬದಲಾಗಬೇಕು. ಹೆಡ್‌ಸೆಟ್ ಹಾಕಿಕೊಳ್ಳದ ಮಗುವಿಗೆ ಅದೇ ಕಲಿಕಾಂಶವನ್ನು ತಲುಪಿಸುವ ಇನ್ನೊಂದು ದಾರಿ ಪಾಠಯೋಜನೆಯಲ್ಲೇ ಬರೆದಿರಬೇಕು, ಇಲ್ಲದಿದ್ದರೆ ಯೋಜನೆಗೆ ಸಹಿ ಹಾಕಬಾರದು. ಕಠಿಣವಾಯಿತು ಎನ್ನುವವರು ರಸಾಯನಶಾಸ್ತ್ರದ ಪಾಠವನ್ನು ನೆನಪಿಸಿಕೊಳ್ಳಲಿ. ಆಮ್ಲ ಬಳಸುವ ಪ್ರಯೋಗಕ್ಕೆ ‘ಮುನ್ನೆಚ್ಚರಿಕೆ’ ಬರೆಯದೆ ನಾವು ಸಹಿ ಹಾಕುತ್ತೇವೆಯೇ?

ಯಾವ ಪಾಠಕ್ಕೆ ಹೆಡ್‌ಸೆಟ್ ಒಗ್ಗುತ್ತದೆ ಎನ್ನುವುದನ್ನೂ ಇದೇ ಅಳತೆಯಿಂದ ನಿರ್ಧರಿಸಬಹುದು. ಒಂದು ಜಾಗದಲ್ಲಿ ಕೂತು ಸುತ್ತ ನೋಡುವಂಥದ್ದು ಒಳ್ಳೆಯದು: ದೇವಾಲಯದ ಅಂಗಳ, ಕಾಡಿನ ನಡು, ಚಂದ್ರನ ನೆಲ, ನಿಂತ ಹೃದಯದ ನಾಲ್ಕು ಕೋಣೆಗಳು. ಇಲ್ಲಿ ಮಗು ಕತ್ತು ತಿರುಗಿಸಿದಷ್ಟೇ ಲೋಕ ತಿರುಗುತ್ತದೆ, ಕಣ್ಣು ಕಿವಿಗಳಿಗೆ ಜಗಳವಿಲ್ಲ. 2015ರಲ್ಲಿ ಗೂಗಲ್ ಶಾಲೆಗಳಿಗೆಂದು ತಂದ ಎಕ್ಸ್‌ಪೆಡಿಷನ್ಸ್‌ನಲ್ಲಿ ಶಿಕ್ಷಕರು ಇಡೀ ತರಗತಿಯನ್ನು ಕರೆದೊಯ್ಯುತ್ತಿದ್ದದ್ದು ಬಹುಮಟ್ಟಿಗೆ ಇಂಥ ನಿಂತ ನೋಟಗಳ ನಡುವೆ. 2021ರಲ್ಲಿ ಅದನ್ನು ನಿಲ್ಲಿಸಿಬಿಟ್ಟರು, ನಮ್ಮ ಪಾಲಿಗೆ ನಷ್ಟವೇ. ಮಗು ಸುಮ್ಮನೆ ಕೂತಿರುವಾಗ ಲೋಕ ತಾನೇ ಹಾರುವ, ಧುಮುಕುವ, ತಿರುಗುವ ಕಾರ್ಯಕ್ರಮಗಳನ್ನು ತರಗತಿಗೆ ತರಲೇಬಾರದು ಎಂಬುದು ನನ್ನ ನಿಲುವು. ರಕ್ತಕಣದ ಪಯಣ ರೋಮಾಂಚಕವೇ, ಆದರೆ ಅದರಿಂದ ಕವಾಟದ ಕೆಲಸ ಅರ್ಥವಾದದ್ದಕ್ಕಿಂತ ಜಾರುಬಂಡಿಯ ಖುಷಿ ಸಿಕ್ಕಿದ್ದೇ ಹೆಚ್ಚು. (ತೆರೆಯ ಮಧ್ಯೆ ಒಂದು ಮೂಗಿನ ಚಿತ್ರ ಇಟ್ಟರೆ ಬಾಧೆ ಕಡಿಮೆಯಾಗುತ್ತದೆ ಎಂದು ಪರ್ಡ್ಯೂ ವಿಶ್ವವಿದ್ಯಾಲಯದವರು 2015ರಲ್ಲಿ ತೋರಿಸಿದರು. ಕಣ್ಣಿಗೆ ಅಲುಗದ ಒಂದು ಗುರುತು ಸಿಗುತ್ತದಂತೆ. ನಮ್ಮ ಮೂಗು ಇಷ್ಟು ಕೆಲಸ ಮಾಡುತ್ತಿದೆ ಎಂದು ಯಾರಿಗೆ ಗೊತ್ತಿತ್ತು!)

ವೇಳಾಪಟ್ಟಿಯ ಕಡೆಗೂ ಕಣ್ಣಿರಲಿ. ಬಿಸಿಯೂಟ ಮುಗಿದ ಕೂಡಲೇ ಬರುವ ಅವಧಿ ಇದಕ್ಕೆ ಬೇಡ. ಕೊನೆಯ ಅವಧಿಯೂ ಬೇಡ. ಹೆಡ್‌ಸೆಟ್ ತೆಗೆದ ಮೇಲೂ ಕೆಲವರಿಗೆ ಸ್ವಲ್ಪ ಹೊತ್ತು ಸಮತೋಲ ತಪ್ಪಿದಂತಿರುತ್ತದೆ. ಸಿಮ್ಯುಲೇಟರಿನಲ್ಲಿ ತರಬೇತಿ ಪಡೆದ ಪೈಲಟ್‌ಗಳನ್ನು ಕೆಲವು ಗಂಟೆ ವಿಮಾನ ಹಾರಿಸಲು ಬಿಡದ ಪದ್ಧತಿ ಸೇನೆಗಳಲ್ಲಿ ಇರುವುದು ಇದಕ್ಕಾಗಿಯೇ. ನಮ್ಮ ಮಕ್ಕಳು ವಿಮಾನ ಹಾರಿಸುವುದಿಲ್ಲ, ಆದರೆ ಗಂಟೆ ಹೊಡೆದ ಕೂಡಲೇ ಸೈಕಲ್ ಏರಿ ಲಾರಿ ಓಡಾಡುವ ರಸ್ತೆಗೆ ಇಳಿಯುತ್ತಾರೆ.

ಬಿ.ಇಡಿ.ಯ ಕ್ರಿಯಾ ಸಂಶೋಧನೆಗೆ ವಿಷಯ ಸಿಗುತ್ತಿಲ್ಲ ಎಂದು ಪ್ರತಿವರ್ಷ ಕೇಳಿ ಬರುವವರಿಗೆ ಇಲ್ಲೇ ಒಂದಿದೆ. 1993ರಲ್ಲಿ ಕೆನೆಡಿ ಮತ್ತು ಸಂಗಡಿಗರು ಸಿಮ್ಯುಲೇಟರ್ ಬಾಧೆಯನ್ನು ಅಳೆಯಲು 16 ಲಕ್ಷಣಗಳ ಪ್ರಶ್ನಾವಳಿ ಮಾಡಿದರು, ಒಂದೊಂದಕ್ಕೂ ‘ಇಲ್ಲ’ದಿಂದ ‘ತೀವ್ರ’ದವರೆಗೆ ನಾಲ್ಕು ಹಂತ. ವಾಕರಿಕೆ, ಕಣ್ಣಿನ ಆಯಾಸ, ದಿಕ್ಕು ತಪ್ಪಿದಂತಾಗುವುದು ಎಂಬ ಮೂರು ಗುಂಪು ಅದರಲ್ಲಿವೆ. ಅದು ದೊಡ್ಡವರಿಗಾಗಿ ಮಾಡಿದ್ದು. ನಮ್ಮ ಏಳನೆಯ ತರಗತಿಯ ಮಗು ತನಗಾದದ್ದನ್ನು ಯಾವ ಮಾತಿನಲ್ಲಿ ಹೇಳುತ್ತದೆ? ಮಂಡ್ಯದ ಮಗುವಿನ ‘ತಲೆ ಗಿರ್ರ್ ಅಂತದೆ’ಯೂ ಕರಾವಳಿಯ ಮಗುವಿನ ಮಾತೂ ಉತ್ತರ ಕರ್ನಾಟಕದ ಮಗುವಿನ ಮಾತೂ ಒಂದೇ ಅಲ್ಲ. ಪಾಠ ಮುಗಿದ ಮೇಲೆ ಕೇಳಿ ಬರೆದುಕೊಳ್ಳಿ, ಎಷ್ಟು ಮಕ್ಕಳು, ಯಾವ ಕಾರ್ಯಕ್ರಮ, ಎಷ್ಟನೆಯ ನಿಮಿಷ, ಕೂತಿದ್ದರೋ ನಿಂತಿದ್ದರೋ. ಹತ್ತು ಪ್ರಶಿಕ್ಷಣಾರ್ಥಿಗಳು ಹತ್ತು ಶಾಲೆಯಿಂದ ತಂದರೆ ಈ ಪತ್ರಿಕೆಯ ಮುಂದಿನ ಸಂಚಿಕೆಗೆ ಒಂದು ಒಳ್ಳೆಯ ಲೇಖನವಾಗುತ್ತದೆ.

“ಅರ್ಧ ತರಗತಿ ಬೇಡ ಎಂದರೆ ಏನು ಮಾಡುವುದು ಸರ್?” ಎಂದು ಚರ್ಚೆಯಲ್ಲಿ ಒಬ್ಬರು ಕೇಳಿದರು. ಬೇಡ ಎಂದವರನ್ನು ಹಾಕಿಕೊಂಡವರ ಪಕ್ಕದಲ್ಲಿ ಕೂರಿಸಿ. ನೋಡುವ ಮಗು ಕಂಡದ್ದನ್ನೆಲ್ಲ ಬಾಯಲ್ಲಿ ಹೇಳಲಿ, ಕೇಳುವ ಮಗು ಅದನ್ನು ಹಾಳೆಯಲ್ಲಿ ಚಿತ್ರ ಬರೆಯಲಿ, ಚಿತ್ರ ತಪ್ಪಾದರೆ “ಎಡಕ್ಕೆ ಕಂಬ ಎಷ್ಟಿವೆ? ಮೇಲೆ ಏನಿದೆ?” ಎಂದು ಕೇಳಿ ತಿದ್ದಿಕೊಳ್ಳಲಿ. ಹಂಪಿಯ ಪಾಠವನ್ನು ಹೀಗೆ ಮಾಡಿದ ಒಬ್ಬ ಪ್ರಶಿಕ್ಷಣಾರ್ಥಿಯ ತರಗತಿ ಈ ವರ್ಷ ನೋಡಿದೆ. ಕಲ್ಲಿನ ರಥದ ಚಕ್ರದ ವಿವರ ಹೆಡ್‌ಸೆಟ್ ಹಾಕಿಕೊಳ್ಳದ ಮಕ್ಕಳ ಹಾಳೆಯಲ್ಲೇ ಹೆಚ್ಚು ಇತ್ತು.